ತಾಯಿ ವ್ಯಾನಿನಲ್ಲಿ, ಕೂಸು ಯಾರ ಕೈಯಲ್ಲಿ?

ಬೆಳಿಗ್ಗೆ ಏಳು ಗಂಟೆಗೆ ಮಂಡ್ಯ-ಮದ್ದೂರು ಕಡೆಯ ಯಾವುದಾದರೂ ಹಳ್ಳಿ ಗೇಟಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಜಿಲ್ಲೆಯ ಸಂಸಾರಗಳು ಎತ್ತ ಸಾಗುತ್ತಿವೆ ಎಂಬುದು ಯಾವ ಸರ್ವೆಯೂ ಇಲ್ಲದೆ ಗೊತ್ತಾಗುತ್ತದೆ. ಕೈಯಲ್ಲಿ ಊಟದ ಡಬ್ಬಿ, ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ, ತಲೆಯಲ್ಲಿ ಒಂದು ಗೇಣು ಹೂವು. ಗಾರ್ಮೆಂಟ್ಸ್ ವ್ಯಾನು ಬಂದು ನಿಲ್ಲುತ್ತದೆ. ಸೀಟಿಗಿಂತ ಜನ ಜಾಸ್ತಿ. ಗೆಜ್ಜಲಗೆರೆ ಕಡೆಗೋ, ಸೋಮನಹಳ್ಳಿ ಕಡೆಗೋ, ಇನ್ನೂ ಮುಂದಕ್ಕೆ ರಾಮನಗರ, ಬಿಡದಿ ಕಡೆಗೋ ಗಾಡಿ ಓಡುತ್ತದೆ.

ಇದರಲ್ಲೇನು ಹೊಸದು ಎಂದು ಕೇಳಬಹುದು. ಹೊಸದು ಇರುವುದು ಗಾಡಿ ಹೋದ ಮೇಲೆ ಗೇಟಿನಲ್ಲಿ ಉಳಿಯುವವರಲ್ಲಿ! ಸೊಂಟದ ಮೇಲೆ ಕೂಸು ಕೂರಿಸಿಕೊಂಡು ನಿಂತ ಅಜ್ಜಿ, ಅಳುವ ಮಗುವಿನ ಕೈಗೆ ಬಿಸ್ಕತ್ ಪೊಟ್ಟಣ ಕೊಟ್ಟು ಎಳೆದುಕೊಂಡು ಹೋಗುವ ಅಕ್ಕ. ಒಂದು ಕಾಲಕ್ಕೆ ಗಾರ್ಮೆಂಟ್ಸ್ ಎಂದರೆ ಮದುವೆಗೆ ಮುಂಚೆ ನಾಲ್ಕು ಕಾಸು ಕೂಡಿಟ್ಟುಕೊಳ್ಳುವ ಹುಡುಗಿಯರ ಕೆಲಸ ಎಂದೇ ಲೆಕ್ಕ. ಮದುವೆಯಾಯಿತು, ಬಿಟ್ಟಳು, ಮುಗೀತು. ಈಗ ಹಾಗಿಲ್ಲ. ಮದುವೆಯಾಗಿ, ಹೆರಿಗೆಯಾಗಿ, ಮಗು ಅಂಬೆಗಾಲಿಡುವ ಮೊದಲೇ ಮತ್ತೆ ಮಿಷನ್ ಮುಂದೆ ಕೂರುವವರ ಸಂಖ್ಯೆ ಕಣ್ಣಿಗೆ ರಾಚುವಷ್ಟಾಗಿದೆ. ಒಬ್ಬರ ದುಡಿಮೆಯಲ್ಲಿ ಮನೆ ಬಾಡಿಗೆ, ಇಂಗ್ಲಿಷ್ ಸ್ಕೂಲಿನ ಫೀಜು, ಸಂಘದ ಸಾಲದ ಕಂತು ಎಲ್ಲ ತೂಗುವುದಿಲ್ಲ. ಅದಕ್ಕೆ ಯಾರನ್ನೂ ದೂರಿ ಫಲವಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2017-18ರಲ್ಲಿ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಮೆಗಿಳಿದವರು, ಕೆಲಸ ಹುಡುಕುತ್ತಿದ್ದವರು ಸೇರಿ ನೂರಕ್ಕೆ 23.3 ಮಂದಿ. 2023-24ಕ್ಕೆ ಅದು 41.7ಕ್ಕೆ ಏರಿತು. ಹಳ್ಳಿಗಳಲ್ಲಂತೂ 24.6 ಇದ್ದದ್ದು 47.6! ಆರೇ ವರ್ಷದಲ್ಲಿ ಹೆಚ್ಚುಕಡಿಮೆ ಎರಡರಷ್ಟು. ಪಟ್ಟಣಗಳಲ್ಲಿ ಮಾತ್ರ ಏರಿಕೆ ಮಂದ: 20.4ರಿಂದ 28ಕ್ಕೆ. ದೆಹಲಿಯಲ್ಲಿ ಈ ಅಂಕಿ ಹಿಡಿದು ಬೆನ್ನು ತಟ್ಟಿಕೊಂಡವರು ಉಂಟು.

ಆದರೆ ಅಂಕಿಯ ಹೊಟ್ಟೆ ಸೀಳಿ ನೋಡಿದರೆ ಬೇರೆ ಕಥೆ. ದುಡಿಯುವ ಹೆಂಗಸರಲ್ಲಿ 'ಸ್ವಂತ ಉದ್ಯೋಗ' ಎಂದು ಬರೆಸಿಕೊಂಡವರು 2017-18ರಲ್ಲಿ ನೂರಕ್ಕೆ 51.9 ಇದ್ದವರು 2023-24ರಲ್ಲಿ 67.4. ಸ್ವಂತ ಉದ್ಯೋಗ ಎಂದಾಕ್ಷಣ ಗಲ್ಲಾಪೆಟ್ಟಿಗೆ ಮುಂದೆ ಕೂತ ಯಜಮಾನಿಯನ್ನು ಕಲ್ಪಿಸಿಕೊಳ್ಳಬೇಡಿ. ಒಟ್ಟು ದುಡಿಯುವ ಹೆಂಗಸರಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚು ಮಂದಿ ಮನೆಯ ಜಮೀನಿನಲ್ಲೋ ಮನೆಯ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವ 'ಸಹಾಯಕರು'. ಪೇಟೆ ಬೀದಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಕಿರಾಣಿ ಅಂಗಡಿಗಳಲ್ಲಿ ಸಕ್ಕರೆ ತೂಗುವ ಕೈ ಯಜಮಾನರದ್ದಲ್ಲ, ಅವರ ಮನೆಯವರದ್ದು! ಒಳಗಡೆ ಗೋಣಿಚೀಲದ ಮೇಲೆ ಮಗು ಮಲಗಿರುತ್ತದೆ. ಅದು ಎದ್ದು ಅತ್ತರೆ ಗಿರಾಕಿ ಐದು ನಿಮಿಷ ಕಾಯಬೇಕು. ಆ ತಾಯಿಗೆ ಸಂಬಳವಿಲ್ಲ, ರಜೆಯಿಲ್ಲ, ಭಾನುವಾರವಿಲ್ಲ. ಆದರೂ ಒಂದು ಅನುಕೂಲವಂತೂ ಇದೆ, ಮಗು ಕಣ್ಣೆದುರಿಗೇ ಇರುತ್ತದೆ. ಎಳೆಮಕ್ಕಳ ತಾಯಂದಿರು ಇಂಥ ಕೆಲಸಕ್ಕೇ ಏಕೆ ಅಂಟಿಕೊಳ್ಳುತ್ತಾರೆ ಎಂಬುದಕ್ಕೆ ದೊಡ್ಡ ದೊಡ್ಡ ಪಂಡಿತರ ವಿವರಣೆ ಬೇಕಿಲ್ಲ.

ಹಾಗೆ ನೋಡಿದರೆ ಮಂಡ್ಯದ ಹೆಂಗಸರು ದುಡಿಯದೆ ಕೂತದ್ದು ಯಾವಾಗ? ನಾಲೆ ನೀರು ಬಂದಾಗಿನಿಂದ ನಾಟಿ, ಕಳೆ, ಕುಯ್ಲು ಎಲ್ಲಾ ಅವರ ಕೈಮೇಲೆಯೇ ನಡೆದದ್ದು. ಬದುವಿನ ಹೊಂಗೆ ಮರಕ್ಕೆ ಹಳೇ ಸೀರೆ ಕಟ್ಟಿ ಜೋಲಿ ಮಾಡಿದರೆ ಅದೇ ತೊಟ್ಟಿಲು, ಅದೇ ಶಿಶುಪಾಲನಾ ಕೇಂದ್ರ. ಮಗು ಅತ್ತರೆ ಕೈ ಕಾಲು ತೊಳೆದುಕೊಂಡು ಬಂದು ಹಾಲೂಡಿಸಿ ಮತ್ತೆ ಗದ್ದೆಗೆ ಇಳಿಯುತ್ತಿದ್ದರು. ಅದೇನೂ ಸುಖದ ಕಾಲವಲ್ಲ. ಹಾವು ಹುಳ, ಬಿಸಿಲು ಮಳೆ ಎಲ್ಲಾ ಆ ಕೂಸಿನ ಪಾಲಿಗೂ ಇತ್ತು. ಆದರೆ ಕೆಲಸಕ್ಕೂ ಕೂಸಿಗೂ ನಡುವೆ ಇದ್ದದ್ದು ಒಂದು ಬದುವಿನ ದೂರ. ಇವತ್ತು ಇಪ್ಪತ್ತು ಕಿಲೋಮೀಟರ್ ದೂರ, ಮೇಲೆ ಕಾರ್ಖಾನೆಯ ಗೇಟು.

ಕಾನೂನು ಇಲ್ಲವೆ?

ಇಲ್ಲದೆ ಏನು, ಬೇಕಾದಷ್ಟಿದೆ. ಹೆರಿಗೆ ಭತ್ಯದ ಕಾನೂನು ಈ ದೇಶಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. ಮುಂಬೈ ಪ್ರಾಂತ್ಯದಲ್ಲಿ 1929ರಲ್ಲೇ ಇಂಥ ಕಾಯ್ದೆ ಆಯಿತು. ಅದರ ಹಿಂದಿನ ವರ್ಷ ಪ್ರಾಂತ್ಯದ ಶಾಸನಸಭೆಯಲ್ಲಿ ಡಾ. ಅಂಬೇಡ್ಕರ್ ಅದರ ಪರವಾಗಿ ಮಾತನಾಡಿದರು. ಹೆರಿಗೆಯ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತಕ್ಕೇ ಎಂದರು. ಇದರ ಹೊರೆಯಲ್ಲಿ ಸರ್ಕಾರಕ್ಕೂ ಪಾಲಿರಬೇಕು ಎಂಬುದನ್ನೂ ಒಪ್ಪಿದರು. ಆ ಎರಡನೆಯ ಮಾತನ್ನು ನೂರು ವರ್ಷವಾಗುತ್ತಾ ಬಂದರೂ ಯಾರೂ ಸರಿಯಾಗಿ ಕಿವಿಗೆ ಹಾಕಿಕೊಂಡಂತಿಲ್ಲ. ಅದಕ್ಕೆ ಮುಂದೆ ಬರೋಣ.

ಸ್ವಾತಂತ್ರ್ಯದ ನಂತರ 1961ರಲ್ಲಿ ಇಡೀ ದೇಶಕ್ಕೆ ಹೆರಿಗೆ ಸೌಲಭ್ಯ ಕಾಯ್ದೆ ಬಂತು, ಸಂಬಳ ಸಹಿತ 12 ವಾರದ ರಜೆ. 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ 26 ವಾರ ಎಂದಾಯಿತು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದೂ ಸೇರಿತು. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಮೊದಲಿಂದಲೂ ಇತ್ತು. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಿಂದ ಈ ಹಳೆಯ ಕಾಯ್ದೆಗಳನ್ನೆಲ್ಲ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿಸಲಾಯಿತು. 26 ವಾರವೂ ಉಳಿಯಿತು, ಕ್ರೆಶ್‌ನ ನಿಯಮವೂ ಉಳಿಯಿತು.

ಹಾಗಾದರೆ ತೊಂದರೆ ಏನು? ಹಾಲೂಡಿಸಲು ಎರಡು ಬಿಡುವು ಕೊಟ್ಟರು, ಸರಿ. ಕೂಸು ಇರುವುದು ಕೆರಗೋಡಿನ ಹತ್ತಿರದ ಹಳ್ಳಿಯಲ್ಲಿ, ತಾಯಿ ಇರುವುದು ಮದ್ದೂರಿನ ಆಚೆ. ಕಾಲು ಗಂಟೆಯ ಬಿಡುವಿನಲ್ಲಿ ಎದೆಹಾಲನ್ನು ಅಂಚೆಯಲ್ಲಿ ಕಳಿಸಬೇಕೆ? ಕ್ರೆಶ್ ಇದ್ದರೆ ತಾನೇ ಬಿಡುವಿಗೆ ಅರ್ಥ!

ಕ್ರೆಶ್ ಇದ್ದರೂ ಕಥೆ ಮುಗಿಯುವುದಿಲ್ಲ. "ನಾವು ಕೋಣೆ ಮಾಡಿದ್ದೇವೆ, ತೊಟ್ಟಿಲು ಇಟ್ಟಿದ್ದೇವೆ, ಆಯಾ ಇಟ್ಟಿದ್ದೇವೆ, ಯಾರೂ ಮಗು ಕರೆತರುವುದಿಲ್ಲ" ಎಂಬುದು ಮಾಲೀಕರ ಕಡೆಯಿಂದ ಬರುವ ಮಾಮೂಲಿ ಉತ್ತರ. ಇದನ್ನು ಬರೀ ನೆಪ ಎಂದು ತಳ್ಳಿಹಾಕುವುದೂ ತಪ್ಪು. ಎಂಟು ತಿಂಗಳ ಕೂಸನ್ನು ಬೆಳಗಿನ ಚಳಿಯಲ್ಲಿ, ನಿಲ್ಲಲೂ ಜಾಗವಿಲ್ಲದ ವ್ಯಾನಿನಲ್ಲಿ, ಹೆದ್ದಾರಿಯ ಮೇಲೆ ಮುಕ್ಕಾಲು ಗಂಟೆ ಎತ್ತಿಕೊಂಡು ಹೋಗಲು ಯಾವ ತಾಯಿಗೆ ಮನಸ್ಸು ಬಂದೀತು? ಸಂಜೆ ಮತ್ತೆ ಅದೇ ಪಾಡು. ಬೆಂಗಳೂರಿನ ಪೀಣ್ಯದಲ್ಲಿ ಕಾರ್ಖಾನೆಯ ಹಿಂದಿನ ಬೀದಿಯಲ್ಲೇ ಮನೆ ಮಾಡಿಕೊಂಡಿರುವವಳಿಗೆ ಕಾರ್ಖಾನೆಯ ಕ್ರೆಶ್ ಒಪ್ಪುತ್ತದೆ. ಹಳ್ಳಿಯಿಂದ ಹೋಗಿ ಬರುವ ನಮ್ಮ ಜಿಲ್ಲೆಯವಳಿಗೆ ಬೇಕಾದದ್ದು ಮನೆಯ ಹತ್ತಿರದ ಜಾಗ. ಕಾನೂನು ಬರೆದವರು ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಂಡಂತಿಲ್ಲ.

ಇದರ ಮೇಲೆ 2023ರ ಫೆಬ್ರವರಿಯಲ್ಲಿ ರಾಜ್ಯ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆವರೆಗೂ ದುಡಿಸಲು ದಾರಿ ಮಾಡಿತು. ಹೆಂಗಸರಿಗೆ ರಾತ್ರಿ ಪಾಳಿಗೂ ಅವಕಾಶ. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿಯನ್ನು 145 ಗಂಟೆಗೆ ಏರಿಸಿತು. ಬಂಡವಾಳ ಬರಬೇಕು, ಉದ್ಯೋಗ ಬೆಳೆಯಬೇಕು, ಒಪ್ಪೋಣ. ಆದರೆ ಹನ್ನೆರಡು ಗಂಟೆ ಪಾಳಿಗೆ ಹೋಗಿ ಬರುವ ಹೊತ್ತನ್ನೂ ಸೇರಿಸಿದರೆ ಹದಿನಾಲ್ಕು ಗಂಟೆ ತಾಯಿ ಮನೆಯಲ್ಲಿಲ್ಲ. ಮಗು ಎಲ್ಲಿರಬೇಕು ಎಂದು ಆ ದಿನ ಸದನದಲ್ಲಿ ಕೂತವರು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾಗಿತ್ತು.

ಅತ್ತೆಯ ಕೂಲಿ ಹೋಯ್ತು!

ಸದ್ಯಕ್ಕೆ ಈ ಎಲ್ಲ ಪ್ರಶ್ನೆಗೂ ಉತ್ತರ ಒಂದೇ, ಅತ್ತೆ. ಇಲ್ಲವೇ ಅವ್ವ. "ನಮ್ಮತ್ತೆ ನೋಡ್ಕೊತಾರೆ ಕಣಕ್ಕ, ಅದ್ಕೇ ಬತ್ತೀನಿ" ಎನ್ನುವ ಮಾತು ಬೆಳಗಿನ ಬಸ್ಸಿನಲ್ಲಿ ಕೇಳದ ದಿನವಿಲ್ಲ. ಸೊಸೆಯ ನೌಕರಿ ನಿಂತಿರುವುದು ಅತ್ತೆಯ ಮೊಣಕಾಲಿನ ಮೇಲೆ. ಮೊಣಕಾಲು ನೋವು ಜಾಸ್ತಿಯಾದ ದಿನ ಸೊಸೆಯ ಹಾಜರಿಗೆ ಕತ್ತರಿ.

ಆದರೆ ಈ ಅತ್ತೆಗೆ ವಯಸ್ಸೆಷ್ಟು? ನಮ್ಮ ಕಡೆ ಬೇಗ ಮದುವೆಯಾದವರ ಕಾಲದವಳು, ನಲವತ್ತೈದೋ ಐವತ್ತೋ. ಮೊನ್ನೆ ಮೊನ್ನೆಯವರೆಗೂ ಕಬ್ಬಿನ ಗದ್ದೆಗೆ, ರೇಷ್ಮೆ ಹುಳುವಿನ ಮನೆಗೆ ಕೂಲಿಗೆ ಹೋಗುತ್ತಿದ್ದವಳು, ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದವಳು. ಸೊಸೆ ವ್ಯಾನ್ ಹತ್ತಿದ ದಿನವೇ ಅವಳ ಕೂಲಿ ನಿಂತಿತು, ಒಂದು ಹಸು ಮಾರಿಹೋಯಿತು. ಸರ್ಕಾರದ ಪಟ್ಟಿಯಲ್ಲಿ ಒಂದು ಕೆಲಸ ಸೇರಿತು, ಒಂದು ಕೆಲಸ ಸದ್ದಿಲ್ಲದೆ ಅಳಿಸಿಹೋಯಿತು. ಸೊಸೆ ತರುವ ಸಂಬಳದಲ್ಲಿ ಅತ್ತೆ ಬಿಟ್ಟ ಕೂಲಿಯನ್ನು ಕಳೆದರೆ ಮನೆಗೆ ನಿಜವಾಗಿ ಬಂದದ್ದೆಷ್ಟು ಎಂಬುದು ಗೊತ್ತಾಗುತ್ತದೆ. ಈ ಕಳೆಯುವ ಲೆಕ್ಕ ಯಾವ ವರದಿಯಲ್ಲೂ ಕಾಣುವುದಿಲ್ಲ.

ತಮಾಷೆ ಎಂದರೆ, ಇದಕ್ಕೆ ಗೊತ್ತಿಲ್ಲದೆಯೇ ಸಂಬಳ ಕೊಟ್ಟದ್ದು ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಈ ಯೋಜನೆಯ ಎರಡು ಸಾವಿರ ರೂಪಾಯಿ ಹೋಗುವುದು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಹೆಸರಿರುವವರಿಗೆ. ಕೂಡಿದ ಮನೆಯಲ್ಲಿ ಆಕೆ ಬಹುಮಟ್ಟಿಗೆ ಅತ್ತೆಯೇ. ಹಣ ಅತ್ತೆಗೆ, ಸೊಸೆಗೆ ಮುನಿಸು ಎಂದು ಆಗ ಪೇಟೆಯಲ್ಲಿ ನಕ್ಕವರು ಬಹಳ. ಮೊಮ್ಮಗುವನ್ನು ದಿನವಿಡೀ ನೋಡಿಕೊಳ್ಳುವ ಕೆಲಸಕ್ಕೆ ಅಜ್ಜಿಗೆ ತಿಂಗಳಿಗೆ ಎರಡು ಸಾವಿರ ಎಂದು ಲೆಕ್ಕ ಹಾಕಿದರೆ ಅದು ದುಬಾರಿಯೇನಲ್ಲ. ಹಾಗೆಯೇ 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆ. ಉಚಿತ ಬಸ್ಸು ಎಂದು ಹಂಗಿಸಿದವರು, ನಗರದ ಜವಳಿ ಅಂಗಡಿಗೋ ಆಸ್ಪತ್ರೆಯ ಆಯಾ ಕೆಲಸಕ್ಕೋ ಮಳವಳ್ಳಿ, ನಾಗಮಂಗಲದ ಕಡೆಯಿಂದ ಬರುವ ತಾಯಿಗೆ ಅದರಿಂದ ಉಳಿದ ಬಸ್ ಚಾರ್ಜು ಮಗುವಿನ ಹಾಲಿಗೆ ಆಯಿತು ಎಂಬುದನ್ನು ನೋಡಲಿಲ್ಲ. ಬಸ್ಸಿನಲ್ಲಿ ನೂಕುನುಗ್ಗಲು ಇರುವುದು ನಿಜ. ಅದಕ್ಕೆ ಮದ್ದು ಇನ್ನಷ್ಟು ಬಸ್ಸು, ಹೆಂಗಸರನ್ನು ಬೈಯುವುದಲ್ಲ.

ಅತ್ತೆ ಇಲ್ಲದ ಮನೆಯಲ್ಲಿ? ಅಲ್ಲಿ ಕೂಸು ಹೋಗುವುದು ಹತ್ತು ಹನ್ನೊಂದು ವರ್ಷದ ಅಕ್ಕನ ಕೈಗೆ. ಮೊದಲು ವಾರಕ್ಕೊಂದು ದಿನ ಶಾಲೆ ತಪ್ಪುತ್ತದೆ, ಆಮೇಲೆ ಎರಡು ದಿನ, ಆಮೇಲೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ. 6ರಿಂದ 14 ವರ್ಷದ ಮಕ್ಕಳಿಗೆಲ್ಲ ಶಿಕ್ಷಣ ಹಕ್ಕು ಎಂದು 2009ರಲ್ಲೇ ಕಾಯ್ದೆಯಾಗಿದೆ. ಒಂದು ವರ್ಷದ ಕೂಸಿಗೆ ಕ್ರೆಶ್ ಇಲ್ಲದಿದ್ದರೆ ಹತ್ತು ವರ್ಷದವಳ ಹಕ್ಕು ಹೀಗೆ ಕೈಬಿಡುತ್ತದೆ. ಮಗಳು ಓದಲಿ ಎಂದು ದುಡಿಯಲು ಹೋದ ತಾಯಿ, ಆ ದುಡಿಮೆಗಾಗಿಯೇ ಮಗಳ ಓದು ನಿಲ್ಲಿಸಬೇಕಾದದ್ದು ಎಂಥ ವಿಪರ್ಯಾಸ!

ಪಿಎಫ್ ಕಲಿಸಿದ ಪಾಠ

2016ರ ಏಪ್ರಿಲ್ ಯಾರಿಗಾದರೂ ನೆನಪಿದೆಯೆ? ಆ ತಿಂಗಳ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಯಾವ ನಾಯಕರನ್ನೂ ಕಾಯದೆ ರಸ್ತೆಗಿಳಿದರು. ಕಾರಣ ಪಿಎಫ್. ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮವನ್ನು ಕೇಂದ್ರ ತಂದಿತ್ತು. ಎರಡೇ ದಿನದಲ್ಲಿ ನಿಯಮ ವಾಪಸಾಯಿತು. ಅಷ್ಟು ಸಿಟ್ಟು ಏಕೆ ಬಂತು ಎಂಬುದನ್ನು ಮಾತ್ರ ಬಹಳ ಜನ ವಿಚಾರಿಸಲಿಲ್ಲ. 58ರವರೆಗೆ ಮಿಷನ್ ತುಳಿಯುವುದು ತಮ್ಮ ಕೈಲಾಗುವುದಿಲ್ಲ ಎಂದು ಆ ಹೆಂಗಸರಿಗೆ ಗೊತ್ತಿತ್ತು. ಬಸುರಿಯಾದಾಗ, ಮಗುವಿಗೆ ಕಾಯಿಲೆಯಾದಾಗ, ನೋಡಿಕೊಳ್ಳುವವರು ತೀರಿಕೊಂಡಾಗ ಕೆಲಸ ಬಿಡುತ್ತಾರೆ. ಬಿಟ್ಟಾಗ ಕೈಗೆ ಸಿಗುವ ಇಡಿಗಂಟು ಅದೊಂದೇ. ಆ ದುಡ್ಡಿನಲ್ಲಿ ವರ್ಷ ಎರಡು ವರ್ಷ ತಳ್ಳಿ, ಮಗು ನಡೆಯುವಂತಾದ ಮೇಲೆ ಇನ್ನೊಂದು ಕಾರ್ಖಾನೆಯಲ್ಲಿ ಹೊಸಬಳಾಗಿ ಸೇರುವುದು.

ಹೀಗೆ ಬಿಟ್ಟು ಸೇರುವ ಆಟದಲ್ಲಿ ಕಳೆದುಕೊಳ್ಳುವುದು ಏನು? ಸೇವಾವಧಿ ಸೊನ್ನೆಯಿಂದ ಆರಂಭ. ಗ್ರಾಚ್ಯುಟಿಗೆ ಕಾಯಂ ಕೆಲಸದಲ್ಲಿ ಐದು ವರ್ಷದ ಸೇವೆ ಬೇಕು. ನಾಲ್ಕನೇ ವರ್ಷಕ್ಕೆ ಹೆರಿಗೆಯಾಗಿ ರಾಜೀನಾಮೆ ಬರೆದುಕೊಟ್ಟರೆ ಅದು ಹೋಯಿತು. ಹೆರಿಗೆ ರಜೆಯಲ್ಲಿದ್ದ 26 ವಾರವೂ ಸೇವೆಯೆಂದೇ ಲೆಕ್ಕ. ರಾಜೀನಾಮೆ ಕೊಡದೆ ರಜೆ ಹಾಕಿದರೆ ಏನೂ ಕಳೆದುಹೋಗುವುದಿಲ್ಲ. ಆದರೆ ಇದನ್ನು ಬಸುರಿಗೆ ತಿಳಿಸಿ ಹೇಳುವವರು ಯಾರು? "ಬಿಟ್ಬಿಟ್ಟು ಹೋಗವ್ವ, ಆಮೇಲೆ ಬಾ, ನೋಡೋಣ" ಎಂಬ ಸೂಪರ್‌ವೈಸರ್ ಮಾತೇ ಆಕೆಗೆ ವೇದವಾಕ್ಯ. ಹಾಗೆ ಹೇಳಿಸಿಕೊಂಡವಳು ಬರೆದುಕೊಡುವ ಮುಂಚೆ ಒಂದು ಸಲ ಕಾರ್ಮಿಕ ಇಲಾಖೆಯ ಕಚೇರಿ ಮೆಟ್ಟಿಲು ಹತ್ತುವುದು ಒಳ್ಳೆಯದು. ಗರ್ಭಿಣಿ ಎಂಬ ಕಾರಣಕ್ಕೆ ಹೆರಿಗೆ ರಜೆಯಲ್ಲಿ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ದಿನಗೂಲಿ ಎಂದರೂ ನಡೆಯುವುದಿಲ್ಲ. ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು 2000ದಲ್ಲೇ ತೀರ್ಪು ಕೊಟ್ಟಿದೆ.

ಸರ್ಕಾರಿ ನೌಕರಿಯ ತಾಯಿಗೆ ಈ ಗೋಳಿಲ್ಲ. ರಾಜ್ಯ ಸರ್ಕಾರ 2021ರಿಂದ ಮಹಿಳಾ ನೌಕರರಿಗೆ ಹೆರಿಗೆ ರಜೆಯಲ್ಲದೆ ಆರು ತಿಂಗಳ ಶಿಶುಪಾಲನಾ ರಜೆಯನ್ನೂ ಕೊಟ್ಟಿತು. ಕೊಟ್ಟದ್ದು ಸರಿಯೇ. ಅದೇ ಕಚೇರಿಯಲ್ಲಿ ಗುತ್ತಿಗೆ ಮೇಲೆ ಕಸ ಗುಡಿಸುವವಳ ಮಗುವೂ ಅಷ್ಟೇ ಎಳೆಯದು ಎಂಬುದನ್ನು ಮರೆಯದಿದ್ದರೆ ಇನ್ನೂ ಸರಿ.

ಅಪ್ಪ ಎಲ್ಲಿ?

ಇಷ್ಟೆಲ್ಲ ತಾಯಿ, ಅತ್ತೆ, ಅಕ್ಕ ಎಂದಾಯಿತು. ಅಪ್ಪ ಎಂಬ ಪ್ರಾಣಿ ಎಲ್ಲಿ ಹೋಯಿತು ಎಂದು ಓದುಗರಲ್ಲಿ ಒಬ್ಬಿಬ್ಬರಾದರೂ ಕೇಳಿಕೊಂಡಿರಬೇಕು.

ಅಪ್ಪ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ, ಇಲ್ಲವೆ ಕಂಪನಿಯಲ್ಲಿ ಸೆಕ್ಯುರಿಟಿ. ಮಗು ಹುಟ್ಟಿತೆಂದರೆ ತಾಯಿ ಕೆಲಸ ಬಿಡುತ್ತಾಳೆ, ಅಪ್ಪ ಇನ್ನೊಂದು ಪಾಳಿ ಹೆಚ್ಚಿಗೆ ಮಾಡುತ್ತಾನೆ. ಕೇಳುವ ಪ್ರಶ್ನೆಯಲ್ಲೂ ಹಾಗೆಯೇ. ಕೆಲಸಕ್ಕೆ ಸೇರಲು ಬಂದ ಹೆಂಗಸಿಗೆ "ಮಗು ಚಿಕ್ಕದಾ? ಯಾರು ನೋಡ್ಕೊತಾರೆ?" ಎಂದು ಕೇಳದ ಮಾಲೀಕರಿಲ್ಲ. ಗಂಡಸಿಗೆ ಮಗು ಇದೆ ಎಂದರೆ "ಪಾಪ, ಸಂಸಾರಸ್ಥ, ಕೆಲಸ ಬಿಟ್ಟು ಓಡಲ್ಲ" ಎಂದು ಒಂದು ಗುಲಗಂಜಿ ಜಾಸ್ತಿಯೇ ತೂಕ! ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರಲ್ಲಿ ಲೆಕ್ಕ ಹಾಕಿದಂತೆ, ಮನೆಯವರನ್ನು ನೋಡಿಕೊಳ್ಳಬೇಕಾದ ಕಾರಣಕ್ಕೆ ದುಡಿಮೆಯಿಂದ ಹೊರಗುಳಿದ ಹೆಂಗಸರು ಜಗತ್ತಿನಲ್ಲಿ 70.8 ಕೋಟಿ. ಗಂಡಸರು 4 ಕೋಟಿ.

ನಮ್ಮ ದೇಶದವೇ ಅಂಕಿ ಬೇಕೆಂದರೆ 2024ರ ಸಮಯ ಬಳಕೆ ಸಮೀಕ್ಷೆ ಇದೆ. 15ರಿಂದ 59 ವರ್ಷದವರಲ್ಲಿ ಮನೆಯ ಮಕ್ಕಳು ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಕೈಹಚ್ಚಿದ ಹೆಂಗಸರು ನೂರಕ್ಕೆ 41, ಗಂಡಸರು 21.4. ಹಾಗೆ ಕೈಹಚ್ಚಿದವರಲ್ಲಿ ಹೆಂಗಸರು ದಿನಕ್ಕೆ 140 ನಿಮಿಷ, ಗಂಡಸರು 74 ನಿಮಿಷ. ಅಡುಗೆ, ಪಾತ್ರೆ, ಬಟ್ಟೆಯ ಲೆಕ್ಕ ಬೇರೆ. ಅದರಲ್ಲಿ ಹೆಂಗಸರದು 289 ನಿಮಿಷ, ಅಂದರೆ ಐದು ಗಂಟೆಗೆ ಹನ್ನೊಂದು ನಿಮಿಷ ಕಡಿಮೆ. ಗಂಡಸರದು 88 ನಿಮಿಷ. ಆ 88 ನಿಮಿಷದಲ್ಲಿ ಏನು ಮಾಡಿದಿರಿ ಎಂದು ಮನೆಯವರ ಎದುರಿಗೆ ಕೇಳಿದರೆ ಹಲವರಿಗೆ ಕಷ್ಟಕ್ಕಿಟ್ಟುಕೊಂಡೀತು!

ಅಪ್ಪಂದಿರನ್ನೇ ಬೈದು ಪ್ರಯೋಜನವಿಲ್ಲ. ಹುಟ್ಟಿದ ಮಗುವಿನ ಮುಖ ನೋಡಲು ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಾರ್ಖಾನೆಯವನಿಗೆ, ಅಂಗಡಿಯವನಿಗೆ, ಡ್ರೈವರ್‌ಗೆ ಅಂಥ ಹಕ್ಕು ಕೊಡುವ ಕಾನೂನೇ ಇಲ್ಲ. ಮಗುವನ್ನು ನೋಡಿಕೊಳ್ಳುವುದು ಗಂಡಸಿನ ಕೆಲಸವೂ ಹೌದು ಎಂದು ಸರ್ಕಾರವೇ ಒಪ್ಪದಿದ್ದರೆ ಹಟ್ಟಿಯ ಯಜಮಾನ ಒಪ್ಪುವುದು ಹೇಗೆ? ಆದರೂ ಹೆಂಡತಿ ಬೆಳಗಿನ ಪಾಳಿ, ಗಂಡ ರಾತ್ರಿಯ ಪಾಳಿ ಎಂದು ಹೊಂದಿಸಿಕೊಂಡು, ಒಬ್ಬರು ಬಾಗಿಲಲ್ಲಿ ಮಗು ಕೊಟ್ಟು ಇನ್ನೊಬ್ಬರು ಬಾಗಿಲಲ್ಲಿ ಮಗು ತೆಗೆದುಕೊಳ್ಳುವ ಸಂಸಾರಗಳು ನಗರದಲ್ಲಿವೆ. ಗಂಡ ಹೆಂಡಿರು ಕೂತು ಮಾತಾಡುವುದು ಭಾನುವಾರ ಮಾತ್ರ.

ಅಂಗಡಿ ಮಾಲೀಕರಿಗೆ ಒಂದು ಮಾತು

ಕಾರ್ಖಾನೆಯವರನ್ನು ಬೈದಾಗ ತಲೆದೂಗುವ ನಮ್ಮ ಪೇಟೆಯ ಮಾಲೀಕರಿಗೂ ಇದರಲ್ಲಿ ಪಾಲಿದೆ. ಜವಳಿ ಅಂಗಡಿ, ಫ್ಯಾನ್ಸಿ ಸ್ಟೋರ್, ಮೆಡಿಕಲ್ ಸ್ಟೋರ್, ಮೊಬೈಲ್ ಅಂಗಡಿಗಳಲ್ಲಿ ಈಗ ದುಡಿಯುವ ಕೈಗಳಲ್ಲಿ ಹೆಂಗಸರದ್ದೇ ಹೆಚ್ಚು. ಹತ್ತು ಅಥವಾ ಹೆಚ್ಚು ಜನ ಇರುವ ಅಂಗಡಿಗೂ ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುತ್ತದೆ. ಇದನ್ನು ಕೇಳಿದ ಕೂಡಲೇ ಹಲವರಿಗೆ ಎದೆ ಧಸಕ್ ಎನ್ನುತ್ತದೆ. ಆರು ತಿಂಗಳು ಕೂರಿಸಿ ಸಂಬಳ ಕೊಡುವುದೆ, ಗಲ್ಲಾ ಮುಚ್ಚಿದ ಹಾಗೆಯೇ ಎಂದು. ಅದಕ್ಕೇ ಹೊಸದಾಗಿ ಮದುವೆಯಾದವಳನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ. 26 ವಾರದ ಕಾನೂನು ಬಂದ ಮೇಲೆ ಹೀಗೆ ಬಾಗಿಲಲ್ಲೇ ತಡೆಯುವುದು ಹೆಚ್ಚಾಯಿತು ಎಂಬ ದೂರನ್ನು ಅಲ್ಲಗಳೆಯಲಾಗದು.

ಆದರೆ ಸ್ವಾಮಿ, ಇಎಸ್‌ಐ ಎಂಬುದೊಂದು ಇದೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಅದರಡಿ ಬರುತ್ತಾರೆ. ಮಾಲೀಕರ ವಂತಿಗೆ ಸಂಬಳದ ನೂರಕ್ಕೆ 3.25, ಕೆಲಸದವರದು 0.75. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಕಟ್ಟಿದ್ದರೆ ಸಾಕು, 26 ವಾರದ ಹೆರಿಗೆ ಹಣವನ್ನು ಕೊಡುವುದು ಇಎಸ್‌ಐ ನಿಗಮ, ಅಂಗಡಿ ಮಾಲೀಕನಲ್ಲ. 12,000 ಸಂಬಳದ ಒಬ್ಬಳಿಗೆ ಮಾಲೀಕ ಕಟ್ಟುವುದು ತಿಂಗಳಿಗೆ 390 ರೂಪಾಯಿ. ಈ 390 ಉಳಿಸಲು ಹೋಗಿ ಹತ್ತು ಜನರನ್ನು ಪುಸ್ತಕದಲ್ಲಿ ಒಂಬತ್ತು ಎಂದು ಬರೆಯುವ ಜಾಣತನ ಬಹಳ ಕಡೆ ನಡೆದಿದೆ. ಇನ್‌ಸ್ಪೆಕ್ಟರ್ ಬಂದ ದಿನ ಹತ್ತನೆಯವಳು ಹಿಂದಿನ ಗೋಡೌನಿನಲ್ಲಿ! ನಾಳೆ ಅವಳೇ ಬಸುರಿಯಾದರೆ ಕೈಗೆ ಸಿಗುವುದು ಸೊನ್ನೆ. ಆರು ವರ್ಷ ಗಿರಾಕಿಗಳ ಮುಖಪರಿಚಯ ಇಟ್ಟುಕೊಂಡ ಕೆಲಸಗಾತಿ ಹೋಗಿ ಹೊಸಬಳಿಗೆ ಸೀರೆಯ ನಂಬರು ಕಲಿಸುವ ಖರ್ಚು ಆ 390ಕ್ಕಿಂತ ಕಡಿಮೆಯೆ? ವ್ಯಾಪಾರ ಬಲ್ಲವರೇ ಹೇಳಲಿ.

ಹತ್ತಕ್ಕಿಂತ ಕಡಿಮೆ ಜನರ ಅಂಗಡಿ ಇದ್ಯಾವುದರ ಕೆಳಗೂ ಬರುವುದಿಲ್ಲ. ಅಲ್ಲಿಯವಳಿಗೆ ಉಳಿಯುವುದು ಕೇಂದ್ರದ ಮಾತೃವಂದನಾ ಯೋಜನೆಯ 5,000 ರೂಪಾಯಿ. ಅದೂ ಮೊದಲ ಮಗುವಿಗೆ, ಎರಡನೆಯದು ಹೆಣ್ಣಾದರೆ 6,000. ಆ 5,000ವನ್ನು ಆರು ತಿಂಗಳಿಗೆ ಹಂಚಿದರೆ ದಿನಕ್ಕೆ ಮೂವತ್ತು ರೂಪಾಯಿ ಸಹ ಬೀಳುವುದಿಲ್ಲ. ಅಂಬೇಡ್ಕರ್ 1928ರಲ್ಲಿ ಹೇಳಿದ ಸರ್ಕಾರದ ಪಾಲು ಎಂದರೆ ಇಷ್ಟೇ ಏನು?

ನಾಲ್ಕು ಗಂಟೆಗೆ ಬೀಗ

ಹೊಸದಾಗಿ ಕಟ್ಟಡ ಕಟ್ಟಿ, ಉದ್ಘಾಟನೆ ಮಾಡಿ, ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಮುಂಚೆ ಇರುವುದನ್ನೇ ನೋಡಬಹುದು. ದೇಶದಲ್ಲಿ ಅಂಗನವಾಡಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದ ಪಾಲಿಗೆ ಅದು ಮೊದಲು ಬಂದದ್ದು ನೆರೆಯ ತಿ. ನರಸೀಪುರಕ್ಕೆ, 100 ಕೇಂದ್ರಗಳೊಂದಿಗೆ. ಅರ್ಧ ಶತಮಾನ ಕಳೆದು ಇವತ್ತು ಅಂಗನವಾಡಿ ಇಲ್ಲದ ಊರಿಲ್ಲ. ಆದರೆ ಅದು ಹುಟ್ಟಿದ್ದು ಮಗುವಿನ ಹೊಟ್ಟೆಗಾಗಿ, ತಾಯಿಯ ದುಡಿಮೆಗಾಗಿ ಅಲ್ಲ. ಮೂರು ವರ್ಷ ತುಂಬಿದ ಮಗು ಬಂದು ಕೂರಬಹುದು. ಅದಕ್ಕಿಂತ ಚಿಕ್ಕ ಕೂಸಿಗೆ ಆಹಾರದ ಪೊಟ್ಟಣ ಮನೆಗೆ. ಸಂಜೆ ನಾಲ್ಕರ ಹೊತ್ತಿಗೆ ಬಾಗಿಲಿಗೆ ಬೀಗ. ಗಾರ್ಮೆಂಟ್ಸ್ ವ್ಯಾನು ಊರಿಗೆ ಬರುವುದು ಆರೂವರೆಗೋ ಏಳಕ್ಕೋ. ನಡುವಿನ ಎರಡೂವರೆ ಮೂರು ಗಂಟೆಗೆ ಮತ್ತೆ ಅತ್ತೆಯೇ ಗತಿ.

ಕೂಸಿನ ಮನೆ ಯೋಜನೆಯ ಆಲೋಚನೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. 2023-24ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಇಂಥ ಶಿಶುಪಾಲನಾ ಕೇಂದ್ರ ಎಂದು ಸಾರಲಾಯಿತು, ಮುಖ್ಯವಾಗಿ ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲೇ, ಕೆಲಸದ ಜಾಗಕ್ಕೆ ಐದು ಪುಟ್ಟ ಮಕ್ಕಳು ಬಂದರೆ ಒಬ್ಬ ಹೆಂಗಸನ್ನು ಅವರನ್ನು ನೋಡಿಕೊಳ್ಳಲು ಬಿಡಬೇಕು, ಆಕೆಗೂ ಕೂಲಿ ಕೊಡಬೇಕು ಎಂದಿತ್ತು. ಮಗು ನೋಡಿಕೊಳ್ಳುವುದೂ ಕೂಲಿ ಕೊಡಬೇಕಾದ ಕೆಲಸವೇ ಎಂದು ಸರ್ಕಾರ ಕಾಗದದ ಮೇಲೆ ಒಪ್ಪಿದ ಅಪರೂಪದ ಸಂದರ್ಭ ಅದು. ಆದರೆ ಕೂಸಿನ ಮನೆಯ ಬಾಗಿಲು ತೆಗೆಯುವ ಹೊತ್ತು ಪಂಚಾಯಿತಿಯ ಅನುಕೂಲಕ್ಕೆ ಹೊಂದಿ, ಕಾರ್ಖಾನೆ ವ್ಯಾನಿನ ಹೊತ್ತಿಗೆ ಹೊಂದದಿದ್ದರೆ ವ್ಯಾನಿಗೆ ಹೋಗುವವಳಿಗೆ ಅದು ಇದ್ದೂ ಇಲ್ಲದ ಹಾಗೆ.

ಆದ್ದರಿಂದ ಆಗಬೇಕಾದದ್ದು ಇಷ್ಟು. ವ್ಯಾನು ನಿಲ್ಲುವ ಊರುಗಳನ್ನು ಗುರುತಿಸಿ, ಅಲ್ಲಿ ಒಂದೊಂದು ಅಂಗನವಾಡಿಯನ್ನಾದರೂ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ತೆರೆದಿಡಬೇಕು. ಈಗಿರುವ ಕಾರ್ಯಕರ್ತೆಯ ಹೆಗಲ ಮೇಲೆಯೇ ಇದನ್ನೂ ಹೇರುವುದಲ್ಲ. ಚುನಾವಣೆಯ ಪಟ್ಟಿಯಿಂದ ಹಿಡಿದು ಎಲ್ಲ ಸಮೀಕ್ಷೆಯೂ ಈಗಾಗಲೇ ಆಕೆಯ ತಲೆಗೇ ಬಿದ್ದಿದೆ, ಗೌರವಧನಕ್ಕೆ ಬೀದಿಗಿಳಿಯುವುದೂ ತಪ್ಪಿಲ್ಲ. ಎರಡನೆಯ ಪಾಳಿಗೆ ಎರಡನೆಯ ಹೆಂಗಸು, ಆಕೆಗೆ ಬೇರೆ ಸಂಬಳ. ಅತ್ತೆಯ ಹೋದ ಕೂಲಿ ಅಲ್ಲಿ ಒಬ್ಬರಿಗಾದರೂ ವಾಪಸು ಬರುತ್ತದೆ.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಹೊಸ ಸಂಹಿತೆಯಲ್ಲೇ ಒಂದು ದಾರಿ ಇದೆ. ಪ್ರತಿ ಕಾರ್ಖಾನೆಯೂ ತನ್ನದೇ ಕ್ರೆಶ್ ಕಟ್ಟಬೇಕಾಗಿಲ್ಲ, ಹಲವು ಸಂಸ್ಥೆಗಳು ಕೂಡಿ ಒಂದನ್ನು ನಡೆಸಬಹುದು, ಸರ್ಕಾರದ್ದನ್ನೋ ನಗರಾಡಳಿತದ್ದನ್ನೋ ಬಳಸಿಕೊಳ್ಳಬಹುದು ಎಂದು ಅದರಲ್ಲಿ ಬರೆದಿದೆ. ಯಾರೂ ಬಾರದ ಕಾರ್ಖಾನೆಯ ಕೋಣೆಗೆ ಸುರಿಯುವ ಹಣವನ್ನು ಗೆಜ್ಜಲಗೆರೆ, ಸೋಮನಹಳ್ಳಿಯ ಮಾಲೀಕರು ಆ ಹೆಂಗಸರ ಊರಿನ ಕೇಂದ್ರಕ್ಕೆ ಕಟ್ಟಲಿ. ಯಾವ ಊರಿಂದ ಎಷ್ಟು ಜನ ಬರುತ್ತಾರೆ ಎಂಬ ಪಟ್ಟಿ ವ್ಯಾನಿನ ಗುತ್ತಿಗೆದಾರನ ಜೇಬಿನಲ್ಲೇ ಇದೆ. ಜಿಲ್ಲಾಧಿಕಾರಿಗಳು ಮಾಲೀಕರನ್ನೂ, ಮಹಿಳಾ ಮತ್ತು ಮಕ್ಕಳ ಇಲಾಖೆಯವರನ್ನೂ, ಕಾರ್ಮಿಕ ಇಲಾಖೆಯವರನ್ನೂ ಒಂದು ಮೇಜಿಗೆ ಕೂರಿಸಿ ಆ ಪಟ್ಟಿಯನ್ನು ಮುಂದಿಟ್ಟರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ನಗರದ ಅಂಗಡಿ ಬೀದಿಗೂ ಇದೇ ದಾರಿ. ಐವತ್ತು ಜನ ಇಲ್ಲದ ಅಂಗಡಿಗೆ ಕ್ರೆಶ್ ಕಡ್ಡಾಯವಲ್ಲ, ನಿಜ. ಆದರೆ ಒಂದು ಬೀದಿಯ ಮೂವತ್ತು ಅಂಗಡಿಗಳನ್ನು ಕೂಡಿದರೆ ಐವತ್ತು ದಾಟುತ್ತದೆ. ಗಣೇಶನ ಪೆಂಡಾಲಿಗೆ ಪ್ರತಿ ವರ್ಷ ತಪ್ಪದೆ ವಂತಿಗೆ ಎತ್ತುವ ವರ್ತಕರ ಸಂಘದವರು ಬಸ್ ನಿಲ್ದಾಣದ ಹತ್ತಿರ ಎರಡು ಕೋಣೆ ಬಾಡಿಗೆಗೆ ಹಿಡಿದು, ಇಬ್ಬರು ಆಯಾಗಳನ್ನು ಇಟ್ಟು, ಖರ್ಚನ್ನು ಅಂಗಡಿಗೆ ಇಷ್ಟು ಎಂದು ಹಂಚಿಕೊಂಡರೆ ತಿಂಗಳಿಗೆ ತಲಾ ಒಂದು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಆ ಕೋಣೆಗೆ ಕೆಲಸದವಳ ಮಗುವೂ ಬರಲಿ, ಗೋಣಿಚೀಲದ ಮೇಲೆ ಮಲಗುವ ಮಾಲೀಕರ ಮಗುವೂ ಬರಲಿ.